ಮಹಿಳಾ ಸಮಾನತೆಗೆ ಅಂತರರಾಷ್ಟ್ರೀಯ ನೆರವು: ಕರ್ನಾಟಕದ ಅನುಭವ ಹಾಗೂ ಪ್ರಸ್ತುತ ಸ್ಥಿತಿ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಮಹಿಳೆಯರ ಅಭಿವೃದ್ಧಿಗಾಗಿ ಇರುವ ಯೋಜನೆಗಳ ಬಗ್ಗೆ ವಿಚಾರಿಸಲು ಶಾಖೆಗೆ ಬರುವ ಅರ್ಜಿದಾರರಲ್ಲಿ ಹಲವರು, ಸದರಿ ಯೋಜನೆಗೆ ವಿದೇಶದಿಂದ ಹಣ ಬಂದಿದೆಯೇ ಎಂದು ಕೇಳುವುದುಂಟು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ನೀಡಲು ಸಾಧ್ಯವಾಗದ ಕಾರಣ ಈ ಟಿಪ್ಪಣಿಯನ್ನು ಸಿದ್ಧಪಡಿಸಲಾಗಿದೆ.

ಇದಕ್ಕೆ ನಿಮಿತ್ತವಾದ ಒಂದು ಪ್ರಸಂಗವನ್ನು ಮೊದಲಿಗೆ ತಿಳಿಸುವುದು ಸೂಕ್ತ. ಮಲ್ಲೇಶ್ವರಂ ಸಂಪಿಗೆ ರಸ್ತೆಯಲ್ಲಿ, 8ನೇ ಅಡ್ಡರಸ್ತೆಯ ಸಮೀಪ ಹೂವಿನ ವ್ಯಾಪಾರ ಮಾಡುವ ಮಹಿಳೆಯೊಬ್ಬರು ಮುದ್ರಿತ ನಮೂನೆಯೊಂದನ್ನು ಹಿಡಿದು ಕಚೇರಿಗೆ ಬಂದರು. ನಮೂನೆಯ ತಲೆಬರಹದಲ್ಲಿ "ವಿಶ್ವಬ್ಯಾಂಕ್ ಮಹಿಳಾ ಸಹಾಯ ಯೋಜನೆ" ಎಂದಿತ್ತು. ಮಧ್ಯವರ್ತಿಯೊಬ್ಬನಿಗೆ ರೂ. 500 ಕೊಟ್ಟು ಅವರು ಅದನ್ನು ಪಡೆದಿದ್ದರು. ಅವರ ಗುಂಪಿನ ಇನ್ನೂ ಹನ್ನೊಂದು ಮಹಿಳೆಯರು ಅಷ್ಟೇ ಹಣ ಕೊಟ್ಟಿದ್ದರು. "ಸಾರ್, ಫಾರಿನ್‌ನಿಂದ ದುಡ್ಡು ಬಂದಿದೆಯಂತೆ, ಬೇರೆಯವರಿಗೆಲ್ಲ ಕೊಟ್ಟಿದ್ದೀರಂತೆ, ನಮಗ್ಯಾಕಿಲ್ಲ?" ಎಂಬುದು ಅವರ ಪ್ರಶ್ನೆಯಾಗಿತ್ತು. ಅಂತಹ ಯೋಜನೆಯೇ ಇಲ್ಲವೆಂದು ತಿಳಿಸಿದಾಗ ಅವರಿಗೆ ನಂಬಿಕೆ ಬರಲಿಲ್ಲ. ನಂಬದಿರುವುದಕ್ಕೆ ಅವರಲ್ಲಿ ಕಾರಣವೂ ಇತ್ತು. ಅವರ ತಾಯಿಯವರ ಕಾಲದಲ್ಲಿ ಮಹಿಳಾ ಗುಂಪುಗಳಿಗೆ ಯುನಿಸೆಫ್ ಹಣ ಬಂದಿದ್ದುದನ್ನು ಅವರು ಊರಿನಲ್ಲಿ ಕೇಳಿದ್ದರು. ಅದು ನಿಜವೇ ಆಗಿತ್ತು.

ಹನ್ನೆರಡು ಮಹಿಳೆಯರ ಒಟ್ಟು ರೂ. 6,000 ಮಧ್ಯವರ್ತಿಯ ಪಾಲಾಯಿತು. ಒಂದು ಕಾಲದಲ್ಲಿ ನಿಜವಾಗಿದ್ದ ಸಂಗತಿಯೊಂದು ಇಂದು ವಂಚನೆಗೆ ಸಾಧನವಾಗಿದೆ. ಆದುದರಿಂದ ವಿದೇಶಿ ನೆರವು ಯಾವ ರೂಪದಲ್ಲಿ ಬಂದಿತು, ಯಾವಾಗ ನಿಂತಿತು, ಏನನ್ನು ಉಳಿಸಿತು ಮತ್ತು ಇಂದು ಮಹಿಳೆಯರ ಯೋಜನೆಗಳಿಗೆ ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ವಿದೇಶಿ ನೆರವು ಬರುವ ಮಾರ್ಗಗಳು

ಅಂತರರಾಷ್ಟ್ರೀಯ ನೆರವು ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ವ್ಯವಹಾರಗಳಿವೆ. ಇವುಗಳನ್ನು ಪ್ರತ್ಯೇಕವಾಗಿ ಅರಿಯುವುದು ಅವಶ್ಯಕ.

ಮೊದಲನೆಯದು ಅನುದಾನ. ಇದನ್ನು ಹಿಂತಿರುಗಿಸಬೇಕಾಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಹಾಗೂ ನೆದರ್‌ಲ್ಯಾಂಡ್ಸ್, ನಾರ್ವೆ ಮೊದಲಾದ ದೇಶಗಳ ಸರ್ಕಾರಗಳು ಮಹಿಳಾ ಕಾರ್ಯಕ್ರಮಗಳಿಗೆ ನೀಡಿದ ನೆರವು ಈ ಬಗೆಯದು.

ಎರಡನೆಯದು ಸಾಲ. ವಿಶ್ವಬ್ಯಾಂಕ್ ಹಾಗೂ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ನೀಡುವ ನೆರವು ಬಹುಪಾಲು ಈ ಬಗೆಯದು. ಬಡ್ಡಿ ಕಡಿಮೆ ಇರಬಹುದು, ಅವಧಿ ದೀರ್ಘವಾಗಿರಬಹುದು. ಆದರೂ ಅಸಲು ಮರುಪಾವತಿಯಾಗಲೇಬೇಕು. ಸಂಪಿಗೆ ರಸ್ತೆಯ ನಿವಾಸಿಗಳಿಗೆ ಇದರ ಉದಾಹರಣೆ ಕಣ್ಣೆದುರಿಗೇ ಇದೆ. 2014ರ ಮಾರ್ಚ್‌ 1ರಂದು ಸಂಪಿಗೆ ರಸ್ತೆ ನಿಲ್ದಾಣದಿಂದ ಪೀಣ್ಯದ ಕಡೆಗೆ ಆರಂಭವಾದ ಮೆಟ್ರೋ ಮಾರ್ಗವನ್ನೊಳಗೊಂಡ ಮೊದಲ ಹಂತದ ಯೋಜನೆಗೆ ಜಪಾನಿನಿಂದ 2006 ಮತ್ತು 2011ರಲ್ಲಿ ಸಾಲದ ಒಪ್ಪಂದಗಳಾಗಿದ್ದವು. ಅಲ್ಲಿ ರೈಲು ಹತ್ತುವ ವಿದ್ಯಾರ್ಥಿನಿಗೆ ಅದರಿಂದ ಪ್ರಯೋಜನವಿದೆ. ಆದರೆ ಅದು ದಾನವಲ್ಲ, ಸಾರ್ವಜನಿಕ ಹಣದಿಂದ ತೀರಬೇಕಾದ ಸಾಲ.

ಮೂರನೆಯದು ಸ್ವಯಂಸೇವಾ ಸಂಸ್ಥೆಗಳಿಗೆ ನೇರವಾಗಿ ಬರುವ ವಂತಿಗೆ. ಇದು ಸರ್ಕಾರದ ಆಯವ್ಯಯದೊಳಗೆ ಬರುವುದಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನ್ವಯ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿಯಾದ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆಗಳು ಮಾತ್ರ ಇದನ್ನು ಸ್ವೀಕರಿಸಬಹುದು. ಈ ಕಾಯ್ದೆ ಮೊದಲು 1976ರಲ್ಲಿ ಜಾರಿಗೆ ಬಂದು, 2010ರಲ್ಲಿ ಹೊಸ ಕಾಯ್ದೆಯಾಗಿ, 2020ರಲ್ಲಿ ತಿದ್ದುಪಡಿಗೊಂಡಿದೆ.

ಸರ್ಕಾರದ ಮೂಲಕ ಬರುವ ನೆರವಿನ ಲೆಕ್ಕದ ಕ್ರಮವನ್ನೂ ಇಲ್ಲಿ ತಿಳಿಸಬೇಕು. ವಿದೇಶಿ ಹಣವು ಚೀಲದಲ್ಲಿ ಬಂದು ಇಲಾಖೆಯ ಕಪಾಟಿನಲ್ಲಿ ಇರುತ್ತದೆಂಬ ಭಾವನೆ ಸರಿಯಲ್ಲ. ಒಪ್ಪಂದಕ್ಕೆ ಕೇಂದ್ರ ಹಣಕಾಸು ಸಚಿವಾಲಯವು ಸಹಿ ಮಾಡುತ್ತದೆ. ಸಾಮಾನ್ಯವಾಗಿ ರಾಜ್ಯ ಸರ್ಕಾರವು ತನ್ನ ಆಯವ್ಯಯದಲ್ಲಿ ಅವಕಾಶ ಕಲ್ಪಿಸಿ, ಮೊದಲು ತಾನೇ ವೆಚ್ಚ ಮಾಡಿ, ವೆಚ್ಚದ ವಿವರಗಳನ್ನು ಸಲ್ಲಿಸಿದ ನಂತರವೇ ಮರುಭರ್ತಿ ದೊರೆಯುತ್ತದೆ. 2005ರ ಪೂರ್ವದಲ್ಲಿ ಕರ್ನಾಟಕದಂತಹ ರಾಜ್ಯಗಳಿಗೆ ಈ ನೆರವು ಕೇಂದ್ರದಿಂದ ಶೇ. 70 ಸಾಲ ಮತ್ತು ಶೇ. 30 ಅನುದಾನವಾಗಿ ವರ್ಗಾವಣೆಯಾಗುತ್ತಿತ್ತು. ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನ ನಂತರ, ಯಾವ ಷರತ್ತಿನ ಮೇಲೆ ನೆರವು ಬಂದಿದೆಯೋ ಅದೇ ಷರತ್ತಿನ ಮೇಲೆ ರಾಜ್ಯಕ್ಕೆ ನೀಡುವ ಕ್ರಮ ಬಂದಿತು. ಇದರಿಂದ ಕಡಿಮೆ ಬಡ್ಡಿಯ ಅನುಕೂಲ ರಾಜ್ಯಕ್ಕೆ ದೊರೆತರೂ, ರೂಪಾಯಿಯ ವಿನಿಮಯ ದರ ಕುಸಿದರೆ ಅದರ ಹೊರೆಯೂ ರಾಜ್ಯದ ಮೇಲೆಯೇ ಬೀಳುತ್ತದೆ.

3. ಕರ್ನಾಟಕದ ಅನುಭವ

ಕಳೆದ ನಾಲ್ಕು ದಶಕಗಳಲ್ಲಿ ವಿದೇಶಿ ನೆರವಿನಿಂದ ನಡೆದ ಮುಖ್ಯ ಮಹಿಳಾ ಕಾರ್ಯಕ್ರಮಗಳನ್ನು ಈ ಕೆಳಕಂಡಂತೆ ಪರಿಶೀಲಿಸಬಹುದು.

3.1 ಡ್ವಾಕ್ರಾ (ಗ್ರಾಮೀಣ ಪ್ರದೇಶದ ಮಹಿಳೆಯರು ಮತ್ತು ಮಕ್ಕಳ ಅಭಿವೃದ್ಧಿ ಕಾರ್ಯಕ್ರಮ)

1982-83ನೇ ಸಾಲಿನಲ್ಲಿ ದೇಶದ ಆಯ್ದ ಜಿಲ್ಲೆಗಳಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಪ್ರತಿ ಮಹಿಳಾ ಗುಂಪಿಗೆ ಒಂದು ಬಾರಿಗೆ ರೂ. 15,000 ನೀಡಲಾಗುತ್ತಿತ್ತು. ಇದರಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಯುನಿಸೆಫ್ ತಲಾ ರೂ. 5,000 ಭರಿಸುತ್ತಿದ್ದವು. ಸಂಪಿಗೆ ರಸ್ತೆಯ ಅರ್ಜಿದಾರರು ಕೇಳಿದ್ದ "ಯುನಿಸೆಫ್ ಹಣ" ಇದೇ. 1996ರ ಜನವರಿಯಿಂದ ಯುನಿಸೆಫ್ ತನ್ನ ಪಾಲನ್ನು ನಿಲ್ಲಿಸಿತು. ಆ ಪಾಲನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಂಡವು. 1999ರ ಏಪ್ರಿಲ್‌ನಲ್ಲಿ ಡ್ವಾಕ್ರಾ ಕಾರ್ಯಕ್ರಮವು ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನವಾಯಿತು. 2011ರಲ್ಲಿ ಅದರ ಸ್ಥಾನಕ್ಕೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂದಿತು. ರಾಜ್ಯದಲ್ಲಿ ಇದು "ಸಂಜೀವಿನಿ" ಎಂಬ ಹೆಸರಿನಿಂದ ಪರಿಚಿತ.

3.2 ನೊರಾಡ್ ತರಬೇತಿ ಯೋಜನೆ

ಅದೇ 1982-83ನೇ ಸಾಲಿನಲ್ಲಿ ನಾರ್ವೆ ದೇಶದ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಮಹಿಳೆಯರಿಗೆ ಉದ್ಯೋಗ ತರಬೇತಿ ನೀಡುವ ಯೋಜನೆ ಆರಂಭವಾಯಿತು. ದೇಶದ ಹೆಸರು ಹೋಗಿ ಸಂಸ್ಥೆಯ ಸಂಕ್ಷಿಪ್ತ ಹೆಸರೇ ಯೋಜನೆಯ ಹೆಸರಾಗಿ ಕಚೇರಿಗಳಲ್ಲಿ "ನೊರಾಡ್" ಎಂದು ರೂಢಿಯಾಯಿತು. 1996-97ರ ನಂತರ ನಾರ್ವೆಯ ನೆರವು ನಿಂತಿತು. ಯೋಜನೆಯು "ಸ್ವಾವಲಂಬನ" ಎಂಬ ಹೊಸ ಹೆಸರಿನಿಂದ ಕೇಂದ್ರ ಸರ್ಕಾರದ ಹಣದಲ್ಲಿ ಕೆಲಕಾಲ ಮುಂದುವರಿಯಿತು.

3.3 ಮಹಿಳಾ ಸಮಖ್ಯಾ

1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಣವನ್ನು ಮಹಿಳಾ ಸಮಾನತೆಯ ಸಾಧನವೆಂದು ಪರಿಗಣಿಸಿತು. ಅದರ ಫಲವಾಗಿ 1988-89ರಲ್ಲಿ ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಅನುದಾನದಿಂದ ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾಯಿತು. ರಾಜ್ಯದಲ್ಲಿ ಮೊದಲಿಗೆ ಬೀದರ್, ಬಿಜಾಪುರ ಮತ್ತು ಮೈಸೂರು ಜಿಲ್ಲೆಗಳನ್ನು ಆಯ್ದುಕೊಳ್ಳಲಾಯಿತು. ಮುಂದೆ ಉತ್ತರ ಕರ್ನಾಟಕದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಇದು ಸಾಲ ಅಥವಾ ಸಹಾಯಧನ ವಿತರಿಸುವ ಯೋಜನೆಯಾಗಿರಲಿಲ್ಲ. ಹಳ್ಳಿಯ ಬಡ ಮಹಿಳೆಯರು, ಅದರಲ್ಲಿಯೂ ದಲಿತ ಮತ್ತು ಕೂಲಿ ಕುಟುಂಬಗಳ ಮಹಿಳೆಯರು ಸಂಘವಾಗಿ ಕೂಡಿ ಕುಳಿತು, ತಮ್ಮ ಊರಿನ ನೀರು, ಕೂಲಿ, ಪಡಿತರ, ಹೆಣ್ಣುಮಕ್ಕಳ ಶಾಲೆ, ಬಾಲ್ಯವಿವಾಹ, ಮನೆಯೊಳಗಿನ ಹೊಡೆತ ಇವುಗಳ ಬಗ್ಗೆ ಮಾತನಾಡುವಂತೆ ಮಾಡುವುದೇ ಕಾರ್ಯಕ್ರಮವಾಗಿತ್ತು. ಹಲವು ಹಳ್ಳಿಗಳಿಗೆ ಒಬ್ಬರಂತೆ "ಸಹಯೋಗಿನಿ"ಯರು ನಡೆದೋ ಬಸ್ಸಿನಲ್ಲೋ ಓಡಾಡಿ ಸಂಘಗಳನ್ನು ಕಟ್ಟಿದರು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿ ಮಹಿಳಾ ಶಿಕ್ಷಣ ಕೇಂದ್ರಗಳು ನಡೆದವು. ಪಂಚಾಯತಿಗೆ ಆಯ್ಕೆಯಾದ ಮಹಿಳೆಯರಿಗೆ ತರಬೇತಿ ನೀಡಲಾಯಿತು. ಹೀಗಾಗಿ ವೆಚ್ಚದಲ್ಲಿ ದೊಡ್ಡ ಪಾಲು ಕಾರ್ಯಕರ್ತೆಯರ ಗೌರವಧನ, ಪ್ರಯಾಣ ಮತ್ತು ತರಬೇತಿಗೆ ಸೇರಿದ್ದಾಗಿತ್ತು. ಲೆಕ್ಕಪತ್ರದಲ್ಲಿ ಇದನ್ನು "ಆಡಳಿತ ವೆಚ್ಚ" ಎಂದು ಓದಬಹುದಾದರೂ ಇಲ್ಲಿ ಆಳುಗಳೇ ಕಾರ್ಯಕ್ರಮವಾಗಿದ್ದರು ಎಂಬುದನ್ನು ಗಮನಿಸಬೇಕು.

2003ರಲ್ಲಿ ಭಾರತ ಸರ್ಕಾರವು ಕೆಲವೇ ದೊಡ್ಡ ರಾಷ್ಟ್ರಗಳಿಂದ ಮಾತ್ರ ಸರ್ಕಾರದ ಮಟ್ಟದ ನೆರವು ಪಡೆಯುವುದಾಗಿ ತೀರ್ಮಾನಿಸಿತು. ನೆದರ್‌ಲ್ಯಾಂಡ್ಸ್, ನಾರ್ವೆ, ಸ್ವೀಡನ್ ಮೊದಲಾದ ದೇಶಗಳು ಪಟ್ಟಿಯಿಂದ ಹೊರಗುಳಿದವು. ಪ್ರಮಾಣದಲ್ಲಿ ಇವುಗಳ ನೆರವು ಚಿಕ್ಕದು. ಆದರೆ ಮಹಿಳಾ ಕಾರ್ಯಕ್ರಮಗಳಿಗೆ ಮೊದಲು ಮುಂದೆ ಬಂದಿದ್ದವರಲ್ಲಿ ಇವರೇ ಪ್ರಮುಖರು. ಮಹಿಳಾ ಸಮಖ್ಯಾ ವೆಚ್ಚವನ್ನು ಕೆಲಕಾಲ ಕೇಂದ್ರ ಸರ್ಕಾರವೇ ಭರಿಸಿತು. 2007ರಿಂದ 2014ರವರೆಗೆ ಬ್ರಿಟನ್ ನೆರವು ನೀಡಿತು. 2016ರಲ್ಲಿ ಕೇಂದ್ರ ಸರ್ಕಾರವು ಇದನ್ನು ಪ್ರತ್ಯೇಕ ಯೋಜನೆಯಾಗಿ ನಿಲ್ಲಿಸಿ, ಗ್ರಾಮೀಣ ಜೀವನೋಪಾಯ ಅಭಿಯಾನದೊಂದಿಗೆ ವಿಲೀನಗೊಳಿಸಲು ನಿರ್ಧರಿಸಿತು. ಉಳಿತಾಯ ಮತ್ತು ಸಾಲವನ್ನು ಆಧರಿಸಿದ ಅಭಿಯಾನವೊಂದಕ್ಕೂ, ಹಕ್ಕುಗಳ ಅರಿವನ್ನು ಆಧರಿಸಿದ ಕಾರ್ಯಕ್ರಮಕ್ಕೂ ಇರುವ ವ್ಯತ್ಯಾಸವನ್ನು ವಿಲೀನದ ಆದೇಶವೊಂದೇ ನೀಗಿಸಲಾರದು.

3.4 ಸ್ವಶಕ್ತಿ

ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿ ಮತ್ತು ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1990ರ ದಶಕದ ಕೊನೆಯಲ್ಲಿ ಆರಂಭವಾಗಿ 2005ರಲ್ಲಿ ಮುಕ್ತಾಯಗೊಂಡ ಗ್ರಾಮೀಣ ಮಹಿಳೆಯರ ಅಭಿವೃದ್ಧಿ ಮತ್ತು ಸಬಲೀಕರಣ ಯೋಜನೆಯೇ "ಸ್ವಶಕ್ತಿ". ಕರ್ನಾಟಕವೂ ಇದರಲ್ಲಿ ಸೇರಿತ್ತು. 1987ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ರಾಜ್ಯದಲ್ಲಿ ಇದನ್ನು ಅನುಷ್ಠಾನಗೊಳಿಸಲಾಯಿತು. ಮಹಿಳಾ ಸ್ವಸಹಾಯ ಗುಂಪುಗಳ ರಚನೆ, ಉಳಿತಾಯ, ಬ್ಯಾಂಕ್ ಜೋಡಣೆ ಮತ್ತು ತರಬೇತಿ ಇದರ ಮುಖ್ಯ ಅಂಶಗಳಾಗಿದ್ದವು.

3.5 ನಗರದ ಐ.ಪಿ.ಪಿ.-8 ಯೋಜನೆ

1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಬೆಂಗಳೂರು, ಕಲ್ಕತ್ತಾ, ದೆಹಲಿ ಮತ್ತು ಹೈದರಾಬಾದ್ ನಗರಗಳಲ್ಲಿ ಭಾರತ ಜನಸಂಖ್ಯಾ ಯೋಜನೆ-8 ಕೈಗೊಳ್ಳಲಾಯಿತು. ಕೊಳೆಗೇರಿಗಳ ತಾಯಂದಿರು ಮತ್ತು ಮಕ್ಕಳ ಆರೋಗ್ಯ ಇದರ ಗುರಿ. ಆರೋಗ್ಯ ಕೇಂದ್ರಗಳು ನಿರ್ಮಾಣಗೊಂಡವು, ಹೆರಿಗೆ ಆಸ್ಪತ್ರೆಗಳು ಸುಧಾರಣೆಗೊಂಡವು, ಆಯಾ ಬಡಾವಣೆಯ ಮಹಿಳೆಯರನ್ನೇ ಸಂಪರ್ಕ ಕಾರ್ಯಕರ್ತೆಯರನ್ನಾಗಿ ತೆಗೆದುಕೊಳ್ಳಲಾಯಿತು. ಮಲ್ಲೇಶ್ವರದಲ್ಲಿ "ಐ.ಪಿ.ಪಿ. ಕಟ್ಟಡ" ಎಂದರೆ ಇಂದಿಗೂ ದಾರಿ ತೋರಿಸುವವರಿದ್ದಾರೆ. ಆ ಮೂರಕ್ಷರಗಳ ವಿಸ್ತಾರವೇನೆಂದು ಕೇಳಿದರೆ ಹೇಳುವವರು ವಿರಳ. ಸಾಲದ ಅವಧಿ ಮುಗಿದ ಮೇಲೆ ವೈದ್ಯರ ಸಂಬಳ, ಔಷಧಿ, ವಿದ್ಯುತ್ ಇವುಗಳ ಆವರ್ತಕ ವೆಚ್ಚ ನಗರದ ಸ್ಥಳೀಯ ಆಡಳಿತದ ಮೇಲೆ ಬಂದಿತು.

4. ಮೇಲ್ಕಂಡ ಅನುಭವದಿಂದ ತಿಳಿದುಬರುವ ಅಂಶಗಳು

ಈ ಐದು ಕಾರ್ಯಕ್ರಮಗಳನ್ನು ಒಂದು ಖಾತೆಯ ಪುಟದಲ್ಲಿ ಬರೆದು ನೋಡಿದರೆ ಜಮಾ ಬದಿಯಲ್ಲಿ ಮೂರು ಅಂಶಗಳು ಕಾಣುತ್ತವೆ.

ಮೊದಲನೆಯದಾಗಿ, ಹೊರಗಿನ ಹಣವು ಸರ್ಕಾರವು ತಾನಾಗಿ ಮಾಡಲು ಹಿಂಜರಿಯುತ್ತಿದ್ದ ಪ್ರಯೋಗಗಳಿಗೆ ಧೈರ್ಯ ನೀಡಿತು. ಆಸ್ತಿ ಪತ್ರವಿಲ್ಲದ ಮಹಿಳೆಯರ ಗುಂಪಿಗೆ ಹಣ ಕೊಡಬಹುದೆಂಬುದು ಅಂದು ಲೆಕ್ಕ ಪರಿಶೋಧಕರು ಒಪ್ಪುವ ಮಾತಾಗಿರಲಿಲ್ಲ. ಎರಡನೆಯದಾಗಿ, ಅವುಗಳಲ್ಲಿ ಪಳಗಿದ ಮಹಿಳೆಯರು ಯೋಜನೆ ಮುಗಿದ ಮೇಲೂ ಊರಿನಲ್ಲಿಯೇ ಉಳಿದರು. ಮೂರನೆಯದಾಗಿ, ಯಶಸ್ವಿಯಾದ ಮಾದರಿಯನ್ನು ರಾಜ್ಯವು ತನ್ನದಾಗಿಸಿಕೊಂಡಿತು. 2000-01ನೇ ಸಾಲಿನಲ್ಲಿ ರಾಜ್ಯದ ಸ್ವಂತ ಯೋಜನೆಯಾಗಿ ಆರಂಭವಾದ "ಸ್ತ್ರೀಶಕ್ತಿ"ಯಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮೂಲಕ 15ರಿಂದ 20 ಮಹಿಳೆಯರ ಗುಂಪುಗಳನ್ನು ರಚಿಸಿ, ಆರಂಭದಲ್ಲಿ ಪ್ರತಿ ಗುಂಪಿಗೆ ರೂ. 5,000 ಸುತ್ತುನಿಧಿ ನೀಡಲಾಯಿತು. 1982ರಲ್ಲಿ ಯುನಿಸೆಫ್ ನೀಡುತ್ತಿದ್ದ ಮೊತ್ತವೂ ಇಷ್ಟೇ. ಬೆಲೆಗಳು ಏರಿದ್ದರಿಂದ ಎರಡರ ಮೌಲ್ಯ ಒಂದೇ ಅಲ್ಲ. ಆದರೆ ಎರಡನೆಯದು ವಿಧಾನಮಂಡಲದ ಮಂಜೂರಾತಿಯಿಂದ ಬಂದ ಹಣವಾಗಿತ್ತು.

ಸ್ವಸಹಾಯ ಗುಂಪುಗಳ ಇತಿಹಾಸದಲ್ಲಿ ಕರ್ನಾಟಕದ ಪಾತ್ರವನ್ನೂ ಇಲ್ಲಿ ಸ್ಮರಿಸಬೇಕು. ಬೆಂಗಳೂರು ಮೂಲದ ಮೈರಾಡ ಸಂಸ್ಥೆಯು 1980ರ ದಶಕದ ಮಧ್ಯಭಾಗದಲ್ಲಿ ರೂಪಿಸಿದ ಸಾಲ ನಿರ್ವಹಣಾ ಗುಂಪುಗಳಿಗೆ 1987ರಲ್ಲಿ ನಬಾರ್ಡ್ ರೂ. 10 ಲಕ್ಷ ಅನುದಾನ ನೀಡಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮವನ್ನು ಕೈಗೊಂಡಿತು. ಹತ್ತು ಲಕ್ಷ ರೂಪಾಯಿಗಳ ಸ್ವದೇಶಿ ಅನುದಾನವು ಬ್ಯಾಂಕಿನ ನಿಯಮವನ್ನೇ ಬದಲಿಸಲು ನೆರವಾಯಿತೆಂಬುದು ಗಮನಾರ್ಹ. ಮೊತ್ತಕ್ಕಿಂತ, ಆ ಮೊತ್ತದಿಂದ ಯಾವ ನಿಯಮ ಬದಲಾಯಿತು ಎಂಬುದು ಮುಖ್ಯ.

ಖರ್ಚು ಬದಿಯಲ್ಲಿಯೂ ನಮೂದಿಸಬೇಕಾದವುಗಳಿವೆ. ಪ್ರತಿ ಯೋಜನೆಗೂ ಮುಕ್ತಾಯದ ದಿನಾಂಕವಿತ್ತು. ಮಹಿಳೆಯರ ಸಮಸ್ಯೆಗಳಿಗೆ ಇರಲಿಲ್ಲ. ಯೋಜನೆ ಬದಲಾದಂತೆಲ್ಲ ಗುಂಪಿನ ಹೆಸರು, ಪುಸ್ತಕ, ನಮೂನೆಗಳು ಬದಲಾದವು. ಗೌರವಧನದ ಮೇಲೆ ದುಡಿದ ಕಾರ್ಯಕರ್ತೆಯರಿಗೆ ನಿವೃತ್ತಿ ಸೌಲಭ್ಯವಿರಲಿಲ್ಲ. ಯೋಜನೆ ನಿಂತ ದಿನ ಅವರ ಕೆಲಸವೂ ನಿಂತಿತು. ಇತರ ಮಹಿಳೆಯರಿಗೆ ಕನಿಷ್ಠ ಕೂಲಿಯ ಹಕ್ಕನ್ನು ತಿಳಿಸಿಕೊಟ್ಟವರ ಸ್ವಂತ ಸ್ಥಿತಿ ಇದಾಗಿತ್ತು ಎಂಬುದು ಖೇದದ ಸಂಗತಿ.

5. ಹಣವಿಲ್ಲದ ಸಹಕಾರ

ಅಂತರರಾಷ್ಟ್ರೀಯ ಸಹಕಾರವೆಂದರೆ ಹಣವೊಂದೇ ಅಲ್ಲ. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿವಾರಣೆಗಾಗಿ ವಿಶ್ವಸಂಸ್ಥೆಯು 1979ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತವು 1993ರ ಜುಲೈನಲ್ಲಿ ಅನುಮೋದಿಸಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಪ್ರಕರಣದಲ್ಲಿ ಈ ಒಡಂಬಡಿಕೆಯನ್ನು ಆಧರಿಸಿ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಅದು ಕಾಯ್ದೆಯಾಯಿತು. ಇಂದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕಚೇರಿ, ಅಂಗಡಿ, ಕಾರ್ಖಾನೆಯಲ್ಲಿ ಆಂತರಿಕ ಸಮಿತಿ ಇರಬೇಕೆಂಬ ನಿಯಮದ ಮೂಲ ಇಲ್ಲಿದೆ. ಅದಕ್ಕಿಂತ ಕಡಿಮೆ ಮಂದಿ ಇರುವಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಯುವತಿಗೂ ಈ ಹಕ್ಕು ಅನ್ವಯಿಸುತ್ತದೆ. ಇದಕ್ಕಾಗಿ ಯಾವ ವಿದೇಶಿ ಚೆಕ್ ಬರಬೇಕಾಗಿರಲಿಲ್ಲ.

ಇದು ಕೇವಲ ಹೊರಗಿನಿಂದ ಬಂದ ವಿಚಾರವೂ ಅಲ್ಲ. 1985ರ ನೈರೋಬಿ ವಿಶ್ವ ಮಹಿಳಾ ಸಮ್ಮೇಳನಕ್ಕೆ ಮುನ್ನ, 1984ರಲ್ಲಿ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು ಬೆಂಗಳೂರಿನಲ್ಲಿ ಕರೆದ ಸಭೆಯಿಂದಲೇ "ಡಾನ್" ಎಂಬ ಬಡ ರಾಷ್ಟ್ರಗಳ ಮಹಿಳಾ ಚಿಂತಕರ ಜಾಲವು ಹುಟ್ಟಿತು. ಕರ್ನಾಟಕವು 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿತು. ದೇಶಕ್ಕೆ ಮೂರನೇ ಒಂದರಷ್ಟು ಮೀಸಲಾತಿ ಬಂದುದು 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿಯಿಂದ. ರಾಜ್ಯದಲ್ಲಿ ಅದು 2010ರಲ್ಲಿ ಶೇ. 50ಕ್ಕೆ ಏರಿತು.

6. ಪ್ರಸ್ತುತ ಜಾಗತಿಕ ಸ್ಥಿತಿ

ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ಅಭಿವೃದ್ಧಿ ನೆರವಿಗೆ ನೀಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆಯು 1970ರಲ್ಲಿಯೇ ನಿಗದಿಪಡಿಸಿತು. ಕೆಲವೇ ರಾಷ್ಟ್ರಗಳು ಅದನ್ನು ಪಾಲಿಸಿವೆ. ನೆರವು ನೀಡುವ ರಾಷ್ಟ್ರಗಳ ಒಕ್ಕೂಟದ ಲೆಕ್ಕದಂತೆ, 2021-22ರ ಅವಧಿಯಲ್ಲಿ ಪರಿಶೀಲನೆಗೆ ಒಳಪಟ್ಟ ನೆರವಿನಲ್ಲಿ ಸುಮಾರು ಶೇ. 42ರಷ್ಟು ಮಾತ್ರ ಲಿಂಗ ಸಮಾನತೆಯನ್ನು ಒಂದು ಉದ್ದೇಶವಾಗಿ ಹೊಂದಿತ್ತು. ಸಮಾನತೆಯೇ ಮುಖ್ಯ ಉದ್ದೇಶವಾಗಿದ್ದ ಕಾರ್ಯಕ್ರಮಗಳ ಪಾಲು ನೂರು ರೂಪಾಯಿಗಳಲ್ಲಿ ನಾಲ್ಕು ರೂಪಾಯಿಯಷ್ಟು. ಸೇತುವೆ ಕಟ್ಟುವಾಗ ಮಹಿಳೆಯರ ಸಭೆಯೊಂದನ್ನು ಸೇರಿಸಿದರೂ ಮೊದಲ ಲೆಕ್ಕಕ್ಕೆ ಬರಬಹುದು. ಎರಡನೆಯದಕ್ಕೆ ಬರಬೇಕಾದರೆ ಮಹಿಳಾ ಸಮಖ್ಯಾದಂತಹ ಕಾರ್ಯಕ್ರಮ ಬೇಕು.

2024ರಲ್ಲಿ ಒಟ್ಟು ಅಭಿವೃದ್ಧಿ ನೆರವು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 7ರಷ್ಟು ಕಡಿಮೆಯಾಯಿತು. 2025ರಲ್ಲಿ ಅಮೆರಿಕವು ತನ್ನ ನೆರವು ಸಂಸ್ಥೆಯಾದ ಯುಎಸ್‌ಎಯ್ಡ್ ಅನ್ನು ಪ್ರತ್ಯೇಕ ಸಂಸ್ಥೆಯಾಗಿ ಕೊನೆಗೊಳಿಸಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 2027ರ ವೇಳೆಗೆ ಶೇ. 0.3ಕ್ಕೆ ಇಳಿಸುವುದಾಗಿ ಅದೇ ವರ್ಷ ಪ್ರಕಟಿಸಿತು. 1995ರ ಬೀಜಿಂಗ್ ಸಮ್ಮೇಳನಕ್ಕೆ ಮೂವತ್ತು ವರ್ಷ ತುಂಬಿದ ವರ್ಷವೂ ಅದೇ ಆಗಿತ್ತು.

ಸ್ವಯಂಸೇವಾ ಸಂಸ್ಥೆಗಳ ಮಟ್ಟದಲ್ಲಿ 2020ರ ತಿದ್ದುಪಡಿಯ ಪರಿಣಾಮವನ್ನು ತಿಳಿಯಬೇಕು. ಇದರನ್ವಯ ವಿದೇಶಿ ವಂತಿಗೆಯನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲಿ ಮಾತ್ರ ಸ್ವೀಕರಿಸಬೇಕು. ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು, ಒಂದು ಸಂಸ್ಥೆ ಪಡೆದ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಣದ ಜಾಡನ್ನು ಗುರುತಿಸಲು ಇದು ಅನುಕೂಲಕರ. ಅದೇ ವೇಳೆ, ದೊಡ್ಡ ಸಂಸ್ಥೆಯ ಮೂಲಕ ಸಣ್ಣ ಮೊತ್ತ ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಮಹಿಳಾ ಸಂಘಗಳಿಗೆ ಆ ದಾರಿ ಮುಚ್ಚಿದೆ. ಆಪ್ತ ಸಮಾಲೋಚನೆ ಅಥವಾ ಕಾನೂನು ನೆರವಿನಂತಹ ಕೆಲಸಗಳಲ್ಲಿ ಆಡಳಿತ ವೆಚ್ಚ ಎಲ್ಲಿ ಮುಗಿದು ಕಾರ್ಯಕ್ರಮ ವೆಚ್ಚ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪ್ರತಿ ಸಂಸ್ಥೆಯೂ ಎಚ್ಚರದಿಂದ ಬರೆದಿಡಬೇಕಾಗಿದೆ.

7. ರಾಜ್ಯದ ಆಯವ್ಯಯದ ಪಾತ್ರ

ಮೇಲಿನ ಕಾರಣಗಳಿಂದ ಇಂದು ಮಹಿಳೆಯರ ಯೋಜನೆಗಳಿಗೆ ಮುಖ್ಯ ಆಧಾರ ನಮ್ಮದೇ ತೆರಿಗೆಯ ಹಣವಾಗಿದೆ. ಬೀಜಿಂಗ್ ಸಮ್ಮೇಳನ ನಡೆದ 1995-96ನೇ ಸಾಲಿನಲ್ಲಿಯೇ ರಾಜ್ಯವು ಕರ್ನಾಟಕ ಮಹಿಳಾ ಅಭಿವೃದ್ಧಿ ಯೋಜನೆಯ ಮೂಲಕ, ವಿವಿಧ ಇಲಾಖೆಗಳ ವೈಯಕ್ತಿಕ ಫಲಾನುಭವಿ ಕಾರ್ಯಕ್ರಮಗಳು ಮತ್ತು ಕೂಲಿ ಪ್ರಧಾನ ಕಾಮಗಾರಿಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ಕ್ರಮ ಕೈಗೊಂಡಿತು. 2007-08ನೇ ಸಾಲಿನಿಂದ ಮಹಿಳಾ ಉದ್ದೇಶಿತ ಆಯವ್ಯಯ ಪುಸ್ತಕವನ್ನು ಪ್ರಕಟಿಸಲಾಗುತ್ತಿದೆ. ಪೂರ್ಣವಾಗಿ ಮಹಿಳೆಯರಿಗಾಗಿಯೇ ಇರುವ ಕಾರ್ಯಕ್ರಮಗಳು "ಎ" ವರ್ಗದಲ್ಲಿಯೂ, ಕನಿಷ್ಠ ಶೇ. 30ರಷ್ಟು ಪ್ರಯೋಜನ ಮಹಿಳೆಯರಿಗೆ ದೊರೆಯುವಂತಹವು "ಬಿ" ವರ್ಗದಲ್ಲಿಯೂ ಇರುತ್ತವೆ. "ಬಿ" ವರ್ಗದ ಮೊತ್ತವನ್ನು ಓದುವಾಗ, ಅದರಲ್ಲಿ ಮಹಿಳೆಯರ ಕೈಸೇರಿದ್ದು ಎಷ್ಟೆಂದು ಕೇಳುವುದು ಓದುಗರ ಹಕ್ಕು. ಅಂದಾಜಿನ ಅಂಕಿ ಬೇರೆ, ವೆಚ್ಚದ ಅಂಕಿ ಬೇರೆ.

2023ರ ಜೂನ್ 11ರಂದು ಜಾರಿಗೆ ಬಂದ, ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣದ "ಶಕ್ತಿ" ಯೋಜನೆ, ಅದೇ ವರ್ಷ ಆಗಸ್ಟ್‌ನಲ್ಲಿ ಆರಂಭವಾದ, ಕುಟುಂಬದ ಯಜಮಾನಿಗೆ ತಿಂಗಳಿಗೆ ರೂ. 2,000 ನೀಡುವ "ಗೃಹಲಕ್ಷ್ಮಿ" ಯೋಜನೆ, 1997-98ರಿಂದ ನಡೆದು ಬಂದಿರುವ, ಬ್ಯಾಂಕ್ ಸಾಲಕ್ಕೆ ಸಹಾಯಧನ ಒದಗಿಸುವ "ಉದ್ಯೋಗಿನಿ" ಯೋಜನೆ ಇವೆಲ್ಲವೂ ರಾಜ್ಯದ ಆಯವ್ಯಯದಿಂದ ನಡೆಯುವಂತಹವು. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಇರುವ "ಸಖಿ" ಏಕ ನಿಲುಗಡೆ ಕೇಂದ್ರಗಳಿಗೆ ಹಣ ಕೇಂದ್ರ ಸರ್ಕಾರವು 2013ರಲ್ಲಿ ಸ್ಥಾಪಿಸಿದ ನಿರ್ಭಯಾ ನಿಧಿಯಿಂದ ಬಂದಿದೆ.

ವಿದೇಶಿ ನೆರವಿನ ಯೋಜನೆಯಲ್ಲಿ ಉತ್ತರದಾಯಿತ್ವವು ನೆರವು ನೀಡಿದವರ ಕಡೆಗೆ ಇರುತ್ತಿತ್ತು; ಪರಿಶೀಲನಾ ತಂಡ ಬರುವ ದಿನ ಕಡತಗಳು ಸಿದ್ಧವಾಗುತ್ತಿದ್ದವು. ಆಯವ್ಯಯದ ಹಣಕ್ಕೆ ಉತ್ತರ ಹೇಳಬೇಕಾದದ್ದು ಕೌಂಟರಿನ ಈಚೆ ನಿಂತಿರುವ ಅರ್ಜಿದಾರರಿಗೆ. ಇದು ಇಲಾಖೆಯ ನೌಕರರೂ ಅರ್ಜಿದಾರರೂ ಸಮಾನವಾಗಿ ನೆನಪಿಡಬೇಕಾದ ಸಂಗತಿ.

8. ಅರ್ಜಿದಾರರ ಗಮನಕ್ಕೆ

(1) ವಿಶ್ವಬ್ಯಾಂಕ್, ಯುನಿಸೆಫ್, ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆ ಅಥವಾ ಯಾವುದೇ ವಿದೇಶಿ ಸರ್ಕಾರವು ಮಹಿಳೆಯರಿಂದ ಮಧ್ಯವರ್ತಿಗಳ ಮೂಲಕ ಶುಲ್ಕ ಪಡೆದು ಸಹಾಯಧನದ ಅರ್ಜಿ ಸ್ವೀಕರಿಸುವುದಿಲ್ಲ. ಅಂತಹ ನಮೂನೆಗೆ ಹಣ ಕೊಡಬಾರದು. ಈಗಾಗಲೇ ಕೊಟ್ಟಿದ್ದಲ್ಲಿ ನಮೂನೆಯನ್ನು ಹರಿದುಹಾಕದೆ, ಅದರೊಂದಿಗೆ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡಬೇಕು.

(2) ಯಾವುದೇ ಯೋಜನೆಯ ಹೆಸರು ಕೇಳಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಸರ್ಕಾರಿ ಆದೇಶದ ಸಂಖ್ಯೆ ಮತ್ತು ದಿನಾಂಕ ಯಾವುದು? ಅನುಷ್ಠಾನಾಧಿಕಾರಿ ಯಾರು? ಇದು ಸಾಲವೋ, ಸಹಾಯಧನವೋ, ಎರಡೂ ಸೇರಿದ್ದೋ? ಉದ್ಯೋಗಿನಿಯಂತಹ ಯೋಜನೆಯಲ್ಲಿ ಸಹಾಯಧನದ ಭಾಗವನ್ನು ಬಿಟ್ಟು ಉಳಿದದ್ದು ಬ್ಯಾಂಕಿಗೆ ಮರುಪಾವತಿಸಬೇಕಾದ ಸಾಲ. ಆದಾಯ ಮಿತಿ, ವಯೋಮಿತಿ ಮತ್ತು ಸಹಾಯಧನದ ಪ್ರಮಾಣವನ್ನು ಆಯಾ ವರ್ಷದ ಆದೇಶದಂತೆ ಖಚಿತಪಡಿಸಿಕೊಳ್ಳುವುದು.

(3) ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಪಡೆಯದೆ ಹಿಂತಿರುಗಬಾರದು. 2011ರ ಸಕಾಲ ಕಾಯ್ದೆಯಡಿ ಅಧಿಸೂಚಿತವಾದ ಸೇವೆಗಳಿಗೆ ಸ್ವೀಕೃತಿ ಸಂಖ್ಯೆ ಮತ್ತು ಕಾಲಮಿತಿ ಇರುತ್ತದೆ. ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಬಹುದು.

(4) ಗುಂಪಿಗೆ ಮಂಜೂರಾದ ಹಣ, ಫಲಾನುಭವಿಗಳ ಪಟ್ಟಿ ಹಾಗೂ ತಿರಸ್ಕಾರದ ಕಾರಣಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.

(5) ಕೌಟುಂಬಿಕ ದೌರ್ಜನ್ಯ ಅಥವಾ ಕಿರುಕುಳದ ಸಂದರ್ಭದಲ್ಲಿ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು. ಈ ಸೇವೆಗೆ ಶುಲ್ಕವಿಲ್ಲ.

(6) ಸ್ವಯಂಸೇವಾ ಸಂಸ್ಥೆಯೊಂದು ವಿದೇಶಿ ನೆರವು ಇದೆಯೆಂದು ಹೇಳಿದಲ್ಲಿ, ಅದರ ನೋಂದಣಿ ಸಂಖ್ಯೆಯನ್ನು ಕೇಳಿ ಪರಿಶೀಲಿಸಿಕೊಳ್ಳಬೇಕು. ಪ್ರಾಮಾಣಿಕವಾಗಿ ದುಡಿಯುವ ಸಂಸ್ಥೆಗಳು ಇದಕ್ಕೆ ಬೇಸರಿಸುವುದಿಲ್ಲ.

9. ಮುಕ್ತಾಯ

ವಿದೇಶಿ ನೆರವಿನ ಯೋಜನೆಗಳು ಕರ್ನಾಟಕದ ಮಹಿಳೆಯರಿಗೆ ಪ್ರಯೋಜನ ನೀಡಿವೆ. ಅವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಅವುಗಳಲ್ಲಿ ಉಳಿದುಕೊಂಡದ್ದು ಕಾಯ್ದೆಯಾದದ್ದು, ಆಯವ್ಯಯದ ಶೀರ್ಷಿಕೆಯಾದದ್ದು ಮತ್ತು ಮಹಿಳೆಯರ ಸ್ವಂತ ಸಂಘದ ರೂಢಿಯಾದದ್ದು ಮಾತ್ರ. ಉಳಿದವುಗಳಿಗೆ ಹೆಸರೊಂದೇ ಉಳಿದಿದೆ. ನೆರವು ಕೊಡುವವರ ಇಚ್ಛೆಯಂತೆ ಬರುತ್ತದೆ, ಹೋಗುತ್ತದೆ. ಹಕ್ಕಿಗೆ ಅಂತಹ ಅವಧಿ ಇರುವುದಿಲ್ಲ.

ಸಂಪಿಗೆ ರಸ್ತೆಯ ಅರ್ಜಿದಾರರಿಗೆ ಪೊಲೀಸ್ ದೂರಿನ ವಿಧಾನವನ್ನು ತಿಳಿಸಲಾಯಿತು. ಬೀದಿ ಬದಿ ವ್ಯಾಪಾರಿಯ ಗುರುತಿನ ಚೀಟಿ ಮತ್ತು ಅದರ ಆಧಾರದ ಮೇಲೆ ದೊರೆಯುವ ಬ್ಯಾಂಕ್ ಸಾಲದ ವಿವರಗಳನ್ನು ಬರೆದುಕೊಡಲಾಯಿತು. ಅವರು ಚೀಟಿಯನ್ನು ಓದಿ, "ಇದಕ್ಕೆ ಎಷ್ಟು ಕೊಡಬೇಕು ಸಾರ್?" ಎಂದು ಕೇಳಿದರು. ಏನೂ ಕೊಡಬೇಕಾಗಿಲ್ಲವೆಂದು ಉತ್ತರಿಸಲಾಯಿತು. ಈ ಪುಟವನ್ನು ಓದುವ ಪ್ರತಿಯೊಬ್ಬರೂ ತಮ್ಮ ಬೀದಿಯ, ತಮ್ಮ ಗುಂಪಿನ ಇತರ ಮಹಿಳೆಯರಿಗೆ ಇದೇ ಉತ್ತರವನ್ನು ತಲುಪಿಸಬೇಕಾಗಿ ಕೋರಲಾಗಿದೆ.

ಶಾಖಾಧಿಕಾರಿ